ಹೆಬ್ಬೆರಳಿನ ಸುಣ್ಣ

ಸಂಯಮವೇ ಮನುಷ್ಯನ ಪರಮ ಭೂಷಣವೆಂದು ಹಿರಿಯರು ಸಾರಿದ್ದಾರೆ. ಅವರಾರೂ ಎರಡು ಲೋಟ ಕಾಫಿ ಕುಡಿದು ಸಿ.ಎಸ್. ಪುರದಲ್ಲಿ ತುಮಕೂರಿನ ಬಸ್ಸು ಹತ್ತಿದವರಲ್ಲವೆಂದು ಕಾಣುತ್ತದೆ. ನನ್ನಕ್ಕನಾದರೋ ಈ ಸಂಯಮವನ್ನು ವ್ರತವಾಗಿಯೇ ಹಿಡಿದವಳು. ಪ್ರಯಾಣದ ದಿನ ಅವಳು ನೀರು ಮುಟ್ಟುವುದಿಲ್ಲ. ಬಸ್‌ಸ್ಟ್ಯಾಂಡಿನ ಶೌಚಾಲಯ ಕಂಡವರಾರೂ ಅವಳನ್ನು ದೂರಲಾರರು.

ಕಳೆದ ಬೇಸಿಗೆಯಲ್ಲಿ ಅವಳು ಸಿ.ಎಸ್. ಪುರದಿಂದ ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಗೆ ಬಂದಾಗ ಎರಡೂ ಕಾಲಿನ ಹೆಬ್ಬೆರಳಿನ ಉಗುರಿಗೆ ಸುಣ್ಣ ಬಳಿದುಕೊಂಡಿದ್ದಳು. ನಮ್ಮ ಕಡೆ ಉರಿಮೂತ್ರಕ್ಕೆ ಇದೇ ಮೊದಲ ಮದ್ದು. ತಮ್ಮನೆದುರು ಬಾಯಿಬಿಟ್ಟು ಹೇಳಬಾರದ ಸಂಗತಿಯನ್ನು ಉಗುರು ಊರಿಗೆಲ್ಲ ಸಾರಬಹುದೆಂಬುದು ನಮ್ಮ ನಾಚಿಕೆಗಿರುವ ವಿಚಿತ್ರ ರಿಯಾಯಿತಿ. ಬಸ್ಸು ಗುಬ್ಬಿ ದಾಟುವಷ್ಟರಲ್ಲಿ ಪಕ್ಕದ ಸೀಟಿನವರು ಬಾರ್ಲಿ ನೀರನ್ನೂ ಹಿಂದಿನವರು ಎಳನೀರನ್ನೂ ವಿಧಿಸಿದ್ದರಂತೆ; ಏನಾಯಿತೆಂದು ಒಬ್ಬರೂ ಕೇಳಿರಲಿಲ್ಲ.

"ಉಷ್ಣ ಕಣೋ, ಇನ್ನೇನಿಲ್ಲ," ಎಂದಳು, ಆ ಸೆಖೆಯಲ್ಲೂ ಶಾಲು ಹೊದ್ದು ನಡುಗುತ್ತ.

"ಪಕ್ಕೆನೂ ನೋಯ್ತಿದೆ ಅಂತಾರೆ ಕಣ್ರೀ. ಉಷ್ಣಕ್ಕೆ ಯಾರಾದ್ರೂ ನಡುಗ್ತಾರಾ? ಆಟೋ ಕರೀರಿ," ಎಂದಳು ನನ್ನ ಹೆಂಡತಿ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿ, ಮೊದಲೂ ಹೀಗಾಗಿತ್ತೇ ಎಂದರು. ಆಗಿತ್ತು, ಗುಬ್ಬಿಯ ಆಸ್ಪತ್ರೆಯಲ್ಲಿ ಮಾತ್ರೆಯನ್ನೂ ಕೊಟ್ಟಿದ್ದರು.

"ಪೂರ್ತಿ ತಗೊಂಡ್ರಾ?"

"ಎರಡು ದಿನಕ್ಕೇ ಉರಿ ನಿಂತೋಯ್ತು. ಮಿಕ್ಕಿದ್ದು ಪಕ್ಕದ್ಮನೆ ಗೌರಮ್ಮಂಗೆ ಕೊಟ್ಟೆ. ಪಾಪ, ಅವಳ ಬೆರಳಲ್ಲೂ ಸುಣ್ಣ ಇತ್ತು."

ಡಾಕ್ಟರಮ್ಮ ನಗಲಿಲ್ಲ. "ಉರಿ ಹೋದ್ರೆ ಕ್ರಿಮಿ ಹೋಯ್ತು ಅಂತಲ್ಲಮ್ಮ. ಉಳಿದಿದ್ದು ಮತ್ತೆ ಬೆಳೆದು ಈಗ ಕಿಡ್ನಿಗೆ ಹತ್ತಿದೆ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಅಪಾಯ. ಅಡ್ಮಿಟ್ ಆಗಿ."

"ಸುಣ್ಣ ಒರೆಸ್ಕೊಳ್ಳಾ?"

"ಅದ್ರ ಪಾಡಿಗೆ ಅದಿರ್ಲಿ ಬಿಡಿ. ನೀರು ಕುಡೀರಿ, ಬಂದಾಗ ತಡೀಬೇಡಿ."

ಡ್ರಿಪ್ಪಿನ ಹನಿಗಳನ್ನು ನೋಡುತ್ತ ಕುಳಿತವನಿಗೆ ಅನಿಸಿತು: ಗೆಳೆಯರೇ, ತಲೆನೋವು ಮಂಡಿನೋವುಗಳಿಗೆಲ್ಲ ನಾವು ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿದ್ದೇವೆ, ಹೊಕ್ಕುಳಿನ ಕೆಳಗಿನ ನೋವಿಗೆ ಮಾತ್ರ ಹಿತ್ತಿಲೇ ಗತಿ. ಉಷ್ಣವೆಂಬುದು ಬಹಳ ಸಭ್ಯವಾದ ಪದ. ಅದರ ಸೆರಗಿನ ಮರೆಯಲ್ಲಿ ಎಂಥ ಕಾಯಿಲೆಯೂ ಮರ್ಯಾದೆಯಿಂದಲೇ ಬೆಳೆದುಕೊಳ್ಳಬಹುದು. ಅರವತ್ತು ದಾಟಿದ ನಾನು ಅಂದು ಮೊದಲ ಬಾರಿಗೆ ಅಕ್ಕನನ್ನು ಕೇಳಿದೆ: "ಉಚ್ಚೆ ಸರಿಯಾಗಿ ಹೋಯ್ತೇನಕ್ಕಾ?"

ಅವಳು ಗೋಡೆಯತ್ತ ತಿರುಗಿದಳು. ಗೋಡೆಗೇ ಹೇಳುವಂತೆ, "ಹೋಯ್ತು ಕಣೋ. ಇನ್ನೂ ವಸಿ ಉರಿ ಐತೆ," ಎಂದಳು. ಆಮೇಲೆ ನನ್ನ ಫೋನು ಕೇಳಿ ಇಸಿದುಕೊಂಡು ಗೌರಮ್ಮನನ್ನು ಗದರಿದಳು: "ಸುಣ್ಣ ಅತ್ಲಾಗೆ ಬುಡು, ಮೊದ್ಲು ಡಾಕ್ಟ್ರಿಗೆ ತೋರಿಸ್ಕೊ."

ಉರಿ ನಿಂತ ಮೇಲೂ ಅಕ್ಕ ಮಾತ್ರೆಗಳನ್ನು ಕೊನೆಯವರೆಗೆ ನುಂಗಿದಳು. ಮರುಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ; ಕಿಡ್ನಿಗೆ ಹಾನಿಯಾಗಿರಲಿಲ್ಲ.