ಮೋತಿಯ ಪಕ್ಕ ಕೂತ ಆಯಿ

ಕುರಿ ಕಾಯುವ ಮುದುಕಿ ಆಯಿಯ ಎಡ ಭುಜ ಬಲ ಭುಜಕ್ಕಿಂತ ತಗ್ಗಾಗಿತ್ತು. ಹಾದಿಯಲ್ಲಿ ಹುಟ್ಟಿದ ಕುರಿಮರಿಗಳನ್ನು ಜೋಳಿಗೆಯಲ್ಲಿಟ್ಟು, ಹರೆಯದಿಂದಲೂ ಅದೇ ಹೆಗಲಿಗೆ ಹಾಕಿಕೊಂಡು ಬಂದದ್ದರ ಫಲ. ಜೋಳಿಗೆ ಖಾಲಿ ಇದ್ದಾಗಲೂ ವಾಲಿಕೊಂಡೇ ನಡೆಯುತ್ತಿದ್ದಳು. ಹುಮನಾಬಾದಿನ ಅಂಚಿನಲ್ಲಿರುವ ನನ್ನ ಮನೆ ಮುಂದಿನಿಂದ ಅವಳ ಮಗ ಘಾಟಬೋರಾಳದ ಕಡೆ ಕುರಿ ಹೊಡೆದುಕೊಂಡು ಹೋದರೆ, ಹಿಂದೆ ಬರುವ ಇವಳು ನೀರು ಕುಡಿಯುವ ನೆಪದಲ್ಲಿ ನನ್ನ ಕಟ್ಟೆ ಮೇಲೆ ಕೂತುಬಿಡುತ್ತಿದ್ದಳು.

ನಾನು ದರ್ಜಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮಾತಾಡುತ್ತಿದ್ದುದು ಅವಳು ಸಾಕಿದ್ದ ನಾಯಿ ಮೋತಿಯ ಜೊತೆ ಮಾತ್ರ. ಗಿರಾಕಿಗಳು ಅಳತೆ ಕೊಟ್ಟು ಹೊರಟುಬಿಡುತ್ತಾರೆ. ಆಯಿಗೋ ನನ್ನನ್ನು ಕೆಣಕದಿದ್ದರೆ ನೀರು ಇಳಿಯುತ್ತಿರಲಿಲ್ಲ. ಹೊಲಿದಿಟ್ಟ ಅಂಗಿ ಎತ್ತಿ ಹಿಡಿದು, "ಇಷ್ಟು ಜೇಬು ಯಾಕ ತಮ್ಮಾ, ಇಡಾಕ ಏನದ?" ಎನ್ನುತ್ತಿದ್ದಳು.

ಒಂದು ದಿನ ಕಬ್ಬಿನ ಟ್ರ್ಯಾಕ್ಟರು ಮೋತಿಗೆ ಬಡಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಹಿಂಗಾಲುಗಳಲ್ಲಿ ಜೀವವೇ ಇರಲಿಲ್ಲ. ಬೀದರಿಗೆ ಒಯ್ದು ಆಪರೇಷನ್ ಮಾಡಿಸಿಕೊಂಡು ಬಂದೆ. ತಾವು ಹೇಳುವವರೆಗೆ ಅದನ್ನು ಎಬ್ಬಿಸಲೇಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಮತ್ತೆ ನಡೆಯುತ್ತದೆ ಎಂಬ ಖಾತ್ರಿ ಮಾತ್ರ ಕೊಡಲಿಲ್ಲ. ಅದೂ ಹೋದರೆ ನನಗೆ ಯಾರೂ ಉಳಿಯುತ್ತಿರಲಿಲ್ಲ.

ಸುದ್ದಿ ತಿಳಿದು ಆಯಿ ಬಂದಳು. ಚಹಾ ಮಾಡಲು ಒಳಗೆ ಹೋಗಿದ್ದೆ, ಮೋತಿ ಕಿರುಚಿತು. ಓಡಿ ಬಂದರೆ, ಅದರ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ ನಿಲ್ಲಿಸಿದ್ದಾಳೆ! ಕುರಿ ಕಾಯುವವರು ಬಿದ್ದ ಕುರಿಯನ್ನು ಮಲಗಗೊಡುವುದಿಲ್ಲ. ಮಲಗಿಯೇ ಇದ್ದರೆ ಹೊಟ್ಟೆ ಉಬ್ಬಿ ಸಾಯುತ್ತದೆಂದು ಹೊಡೆದಾದರೂ ಎಬ್ಬಿಸುತ್ತಾರೆ. ಅವಳಿಗೆ ಗೊತ್ತಿದ್ದ ಉಪಚಾರ ಅದೊಂದೇ. ನಾನು ಸಿಟ್ಟಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಮೋತಿಯನ್ನು ಮೆಲ್ಲಗೆ ಮಲಗಿಸಿ, ಚಹಾ ಕುಡಿಯದೆ ಹೋದಳು. ಪುಣ್ಯಕ್ಕೆ ಹೊಲಿಗೆ ಬಿಚ್ಚಿರಲಿಲ್ಲ.

ಇನ್ನು ಈಕೆ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಮರುದಿನ ಮಗನೊಬ್ಬನನ್ನೇ ಕುರಿಗಳ ಜೊತೆ ಕಳಿಸಿ ಬಂದವಳು, ಮೋತಿಯ ಪಕ್ಕ ನೆಲದ ಮೇಲೆ ಕೂತಳು.

"ಜೀವಮಾನ ಎಲ್ಲಾ ಎಬ್ಬಿಸೂದೇ ಮಾಡೀನಿ ತಮ್ಮಾ, ಮಲಗಸೂದು ಗೊತ್ತಿಲ್ಲ. ನೀ ಹೇಳು, ಕೈ ಎಲ್ಲಿ ಇಡ್ಲಿ?"

ಕುತ್ತಿಗೆ ಮೇಲೆ ಇಡಲು ತೋರಿಸಿದೆ. ಆ ಚಳಿಗಾಲದ ಮಧ್ಯಾಹ್ನಗಳೆಲ್ಲ ಹಾಗೇ ಕಳೆದವು. ಹೊರಗೆ ಕುರಿಗಳ ಸದ್ದಾದರೆ ಮೋತಿ ಏಳಲು ಒದ್ದಾಡುತ್ತಿತ್ತು. ಆಯಿ ಅದನ್ನು ಗದರಿಸುತ್ತಾ, ಯಾವ ಕುರಿ ಎಷ್ಟು ಜಗಳಗಂಟಿ, ತನ್ನ ನಾದಿನಿ ಅದಕ್ಕಿಂತ ಹೇಗೆ ಹೆಚ್ಚು ಎಂದು ಹೇಳುತ್ತಾ ಮಲಗಿಸುತ್ತಿದ್ದಳು. ನಾನು ಹೊಲಿಯುತ್ತಾ ಕೇಳುತ್ತಿದ್ದೆ. ಬಹಳ ದಿನಗಳ ಮೇಲೆ ಮನೆ ಮನೆಯಂತಿತ್ತು. ಡಾಕ್ಟರು ಒಪ್ಪಿದ ಮೇಲೆ ಹೊಟ್ಟೆಗೆ ಟವೆಲ್ಲು ಕೊಟ್ಟು ಇಬ್ಬರೂ ಹಿಡಿದು ನಿಲ್ಲಿಸಿದೆವು. ಹಿಂಗಾಲು ಎಳೆಯುತ್ತಲೇ ಇದ್ದವು.

ಸುಗ್ಗಿಯ ರಾಶಿ ಮುಗಿಯುತ್ತಲೇ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಆಯಿ ಮತ್ತು ಮಗ ಕೊಹಿನೂರದ ಕಡೆ ಹೋದರು. ಆಮೇಲೊಂದು ಬೆಳಿಗ್ಗೆ ಮೋತಿ ತಾನೇ ಎದ್ದು, ಓಲಾಡುತ್ತಾ ಹೊಸ್ತಿಲವರೆಗೆ ಬಂತು. ಈ ಖುಷಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬಂದ ಗಿರಾಕಿಗೆ ಹೇಳಿದೆ. ಅವನು, ನನ್ನ ಪ್ಯಾಂಟು ಯಾವಾಗ ಕೊಡ್ತೀರಿ ಎಂದ.

ಆಟೊ ಮಾಡಿಕೊಂಡು ಮೋತಿಯನ್ನು ಕೊಹಿನೂರಕ್ಕೆ ಒಯ್ದೆ. ಆಯಿ ಬೇವಿನ ಮರದ ಕೆಳಗೆ ಜ್ವರದಲ್ಲಿ ಮಲಗಿದ್ದಳು. ಮೋತಿ ಉಳುಮೆಯಾಗದ ನೆಲದ ಮೇಲೆ ತಪ್ಪುಹೆಜ್ಜೆ ಇಡುತ್ತಾ ಅವಳ ಬಳಿ ಹೋಯಿತು. "ನಡ್ಯಾಕತ್ತದಲ್ಲೋ ತಮ್ಮಾ" ಎಂದು ಎದ್ದು ಕೂತು ಅತ್ತಳು. ದವಾಖಾನೆಗೆ ಹೋಗೋಣ ಎಂದರೆ, ಸಣ್ಣ ಜ್ವರಕ್ಕೆ ಯಾಕೆ ಎಂದು ನನ್ನನ್ನೇ ಬೈದು ಕಳಿಸಿದಳು.

ಮಳೆಗಾಲಕ್ಕೆ ಮುಂಚೆ ಮಗನೊಬ್ಬನೇ ಕುರಿ ಹೊಡೆದುಕೊಂಡು ಬಂದ. ಜ್ವರ ಏರಿದಾಗ ಬಸವಕಲ್ಯಾಣದ ಆಸ್ಪತ್ರೆಗೆ ಸೇರಿಸಿದ್ದನಂತೆ. ಏಳಬೇಡ ಎಂದು ನರ್ಸು ಹೇಳಿದರೆ ಅವಳು ಯಾರಿಗೂ ತೊಂದರೆ ಕೊಡದೆ ಮಲಗಿರುತ್ತಿದ್ದಳಂತೆ. "ಮೋತಿ ಸುಮ್ನ ಮಲಗಿತ್ತು, ಎದ್ದು ನಡೀತು. ನಾನೂ ಏಳ್ತೀನಿ" ಎನ್ನುತ್ತಿದ್ದಳಂತೆ.

ಆಯಿ ಏಳಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದದ್ದೇ ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆ.