ಬುರುಡೆ ಬಿಡದ ಕಷ್ಟಕ್ಕ

ಬೆಳಗಿನ ಆರೂಕಾಲಕ್ಕೆ ಕಷ್ಟಕ್ಕ ಆಗಲೇ ಇಬ್ಬರನ್ನು ಸಾಯಿಸಿದ್ದಾರೆ. ಮೂರನೆಯವನು ಮುರಿದ ಗೋಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಗೋಡೆ ಅವನ ಎದೆಗೂ ಬರುವುದಿಲ್ಲ. ಕಚೇರಿಯ ಉಳಿದ ಇಪ್ಪತ್ತೆಂಟು ಕುರ್ಚಿಗಳು ಖಾಲಿ, ಕಸ ಗುಡಿಸುವವರು ಇನ್ನೂ ಕೆಳಗಿನ ಮಹಡಿಯಲ್ಲಿದ್ದಾರೆ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮೌಸ್ ಒತ್ತಿ, ಕಷ್ಟಕ್ಕ ಮೂರನೆಯವನನ್ನು ಬಾಗಿಲ ಕಡೆ ಓಡಿಸುತ್ತಾರೆ. ಅವನು ತಲುಪುವುದಿಲ್ಲ. "ಹೋದ" ಎನ್ನುತ್ತಾರೆ, ಪಕ್ಕದ ಮನೆಯವನು ಪೇಟೆಗೆ ಹೋದಷ್ಟು ಸಲೀಸಾಗಿ. ನಾಲ್ಕನೆಯವನೂ ಹೋದ ಮೇಲೆ ನೋಟ್‌ಬುಕ್ ತೆರೆದು ಬರೆಯುತ್ತಾರೆ: ನಾಲ್ಕು ಬುರುಡೆ.

ಯುದ್ಧತಂತ್ರದ ವಿಡಿಯೋ ಗೇಮ್ ಇದು. ಚೌಕ ಚೌಕದ ನೆಲ, ನಿಮ್ಮ ಕಡೆ ನಾಲ್ವರು ಸೈನಿಕರು, ಆ ಕಡೆ ಶತ್ರುಗಳು. ನಿಮ್ಮದೊಂದು ಸರದಿ, ಅವರದೊಂದು ಸರದಿ. ಪ್ರತಿ ಕಾರ್ಯಾಚರಣೆಗೆ ಇಳಿಯುವ ಮುನ್ನ ಪರದೆಯ ಮೂಲೆಯಲ್ಲಿ ಪುಟ್ಟ ತಲೆಬುರುಡೆಗಳು ಮೂಡುತ್ತವೆ. ಒಂದಿದ್ದರೆ ಸುಲಭ, ಐದಿದ್ದರೆ ಹೋದವರು ಮರಳುವುದು ಅನುಮಾನ. ಯಾರನ್ನು ಕಳಿಸಬೇಕು, ಕಳಿಸಬೇಕೋ ಬೇಡವೋ ಎಂದು ಆಟಗಾರ ತೀರ್ಮಾನಿಸುವುದು ಆ ಬುರುಡೆಗಳನ್ನು ನೋಡಿ. ಈ ಆಟದಲ್ಲಿ ಸತ್ತ ಸೈನಿಕ ಮತ್ತೆ ಎದ್ದು ಬರುವುದಿಲ್ಲ. ಹನ್ನೊಂದು ವರ್ಷಗಳಿಂದ ಆ ಬುರುಡೆಗಳನ್ನು ಇಡುತ್ತಿರುವ ಐವತ್ತೆರಡರ ಹೆಂಗಸಿನ ಹೆಸರು ಮಾತ್ರ ಆಡುವ ಯಾರಿಗೂ ಗೊತ್ತಿಲ್ಲ. ಆಟ ಮುಗಿದ ಮೇಲೆ ಹನ್ನೆರಡು ನಿಮಿಷ ಉರುಳುವ ಕೃತಜ್ಞತೆಯ ಪಟ್ಟಿಯಲ್ಲಿ ಕಚೇರಿಯ ಬೆಕ್ಕಿದೆ, ಇವರಿಲ್ಲ.

"ಬುರುಡೆ ಬಿಡೋಕೆ ಆಫೀಸ್ ತುಂಬ ಜನ ಇದಾರೆ," ಎನ್ನುತ್ತಾರೆ. "ಇಡೋಕೆ ನಾನೊಬ್ಬಳೇ."

ಕಷ್ಟ ಅಳೆಯುವ ಅಕ್ಕನಾದ್ದರಿಂದ ಸಹೋದ್ಯೋಗಿಗಳ ಬಾಯಲ್ಲಿ ಕಷ್ಟಕ್ಕ. ಸುಖಕ್ಕೆ ನೂರು ಜನ, ಕಷ್ಟಕ್ಕೆ ಕಷ್ಟಕ್ಕ ಎಂಬ ತಮಾಷೆ ಕಚೇರಿಯಲ್ಲಿ ಹಳೆಯದು. ಮೊದಲು ಇವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ, ಕಾಜಾ ತಪಾಸಣೆ ಮಾಡುತ್ತಿದ್ದರು. ಬೆರಳ ಗಂಟುಗಳು ಊದಿಕೊಂಡ ಮೇಲೆ ಇಲ್ಲಿಗೆ ಫೋನ್ ಎತ್ತುವ ಕೆಲಸಕ್ಕೆ ಬಂದರು. ಆಟದ ಕಷ್ಟ ಅಳೆಯಲು ಜನ್ಮದಲ್ಲಿ ಗೇಮ್ ಆಡದವರೊಬ್ಬರು ಬೇಕೆಂದು ಒಂದು ದಿನ ಇವರನ್ನೇ ಕೂರಿಸಿದರಂತೆ. ಆರು ನಿಮಿಷದಲ್ಲಿ ನಾಲ್ವರೂ ಸತ್ತರು. ಸೋತು ಕೆಲಸ ಗಿಟ್ಟಿಸಿದವರು ಲೋಕದಲ್ಲಿ ಹೆಚ್ಚಿಲ್ಲ.

ವಾರಕ್ಕೆ ನಾಲ್ಕು ಕಾರ್ಯಾಚರಣೆ, ಒಂದೊಂದಕ್ಕೆ ಒಂದು ಪುಟ. ಈವರೆಗೆ ಎರಡು ಸಾವಿರದ ನೂರು ಪುಟಗಳಾಗಿವೆ. ಎಷ್ಟು ಸರದಿ ಸಿಕ್ಕಿತು, ಅಡಗಲು ಗೋಡೆ ಎಷ್ಟೆತ್ತರ, ಹಿಂದೆ ಸರಿಯಲು ದಾರಿಯಿತ್ತೇ, ಎಷ್ಟು ಜನ ಮರಳಿದರು, ಎಲ್ಲವೂ ಅದರಲ್ಲಿದೆ. ಒಂದೇ ನಿಯಮ: ಮೊದಲ ಸಲ ಆಡಿದ ತಕ್ಷಣ, ಎರಡನೇ ಸಲ ಮುಟ್ಟುವ ಮೊದಲೇ ಬುರುಡೆ ಇಡಬೇಕು. "ಮೊದಲನೇ ಸಲ ಗೊತ್ತಾಗೋದು ಕಷ್ಟ. ಎರಡನೇ ಸಲ ಗೊತ್ತಾಗೋದು ದಾರಿ. ದಾರಿ ಗೊತ್ತಿರೋಳು ಕಷ್ಟ ಹೇಳಿದ್ರೆ ಅದು ಸುಳ್ಳು."

ಆ ನಿಯಮ ಒಮ್ಮೆ ಮುರಿಯಿತು. ಕಳೆದ ವರ್ಷ ಆಟದ ಹೊಸ ಕಂತು ಬಿಡುಗಡೆಯಾಗುವ ವಾರ, ಸೇತುವೆಯ ಕಾರ್ಯಾಚರಣೆಯ ನಡುವೆ ಕಂಪ್ಯೂಟರ್ ಎರಡು ಸಲ ನಿಂತುಹೋಯಿತು. ಮೂರನೇ ಸಲಕ್ಕೆ ಗೋಪುರದ ಮೇಲಿನ ಬಂದೂಕುಧಾರಿ ಎಲ್ಲಿದ್ದಾನೆಂದು ಇವರಿಗೆ ಗೊತ್ತಿತ್ತು, ನಾಲ್ವರೂ ಮರಳಿದರು. ಮೇಲಿನವರ ಅವಸರಕ್ಕೆ ಎರಡು ಬುರುಡೆ ಇಟ್ಟುಕೊಟ್ಟರು. ನಾಲ್ಕು ಇರಬೇಕಿತ್ತು. ಆಟಗಾರರ ಬೈಗುಳ ಪುಟಗಟ್ಟಲೆ ಬಂತು.

ಆಗ ಎದ್ದು ನಿಂತವರು ಲೆಕ್ಕದ ಸೂತ್ರ ಹೆಣೆದಿದ್ದ ಮ್ಯಾನೇಜರ್. ಕಚೇರಿಗೆಲ್ಲ ಅವರು ಸೂತ್ರಧಾರ. ಶತ್ರುಗಳ ಸಂಖ್ಯೆ, ಆಯುಧದ ಬಲ, ನಮ್ಮವರ ಅನುಭವ, ಇಷ್ಟನ್ನು ತುಂಬಿದರೆ ಬುರುಡೆ ತಾನಾಗಿ ಉದುರುತ್ತದೆ, ಇಡಲು ಮನುಷ್ಯರು ಬೇಡ ಎಂಬುದು ಅವರ ವಾದ. ಸೇತುವೆಗೆ ಆ ಸೂತ್ರ ಕೊಟ್ಟಿದ್ದದ್ದು ಒಂದೇ ಬುರುಡೆ. ಅದನ್ನು ಯಾರೂ ಕೇಳಲಿಲ್ಲ. ಕಷ್ಟಕ್ಕ ಗದ್ದ ಎತ್ತಿ, ಇಲ್ಲದ ಟೈ ಸರಿಮಾಡಿಕೊಂಡು ಸೂತ್ರಧಾರರ ದನಿ ತೆಗೆಯುತ್ತಾರೆ: "ಇದು ಪರ್ಸನಲ್ ಅಲ್ಲ ಮೇಡಂ, ಪ್ರೊಸೆಸ್ಸು." ಆ 'ಸ್ಸು' ಪಂಕ್ಚರಾದ ಟೈರಿನಂತೆ ಎಳೆಯುತ್ತದೆ. ಕೇಳುವವರಿಗೆ ನಗು ಬರುತ್ತದೆ, ಇವರ ಮುಖದಲ್ಲಿ ನಗು ಇಲ್ಲದ್ದರಿಂದ ನಿಲ್ಲುತ್ತದೆ.

ಕೊನೆಗೆ ಪಂಥವಾಯಿತು. ಹೊಸ ಕಾರ್ಯಾಚರಣೆ ಒಂದು. ಇವರೂ ಸೂತ್ರವೂ ಬುರುಡೆ ಇಡಬೇಕು. ಅದನ್ನು ಎಂದೂ ಆಡದ ಹತ್ತು ಮಂದಿ ಆಡಬೇಕು. ಯಾರ ಮಾತು ನಿಜಕ್ಕೆ ಹತ್ತಿರವೋ ಅವರಿಗೆ ಕುರ್ಚಿ. ಶತ್ರುಗಳು ಮೂವರೇ ಎಂದು ಸೂತ್ರ ಎರಡು ಬುರುಡೆ ಇಟ್ಟಿತು. ಗಾಯಾಳುವನ್ನು ಹೊತ್ತು ತರಬೇಕು, ಹೊತ್ತವನಿಗೆ ಗುಂಡು ಹಾರಿಸಲಾಗದು, ಸಿಗುವುದು ಎಂಟೇ ಸರದಿ. ಕಷ್ಟಕ್ಕ ಐದು ಇಟ್ಟರು. ಹತ್ತರಲ್ಲಿ ಒಂಬತ್ತು ಮಂದಿ ಎಲ್ಲರನ್ನೂ ಕಳೆದುಕೊಂಡರು. ಹತ್ತನೆಯವರು ಒಬ್ಬನನ್ನು ಉಳಿಸಿಕೊಂಡರು, ಗಾಯಾಳುವನ್ನು ಅಲ್ಲೇ ಬಿಟ್ಟು.

ಚಪ್ಪಾಳೆ ಬಿತ್ತು. ಹೇಗೆ ಗೊತ್ತಾಯಿತು ಎಂದು ಸೂತ್ರಧಾರ ವಿನಯದಿಂದಲೇ ಕೇಳಿದರು, ಇವರು ವಿವರಿಸಿದರು. ಸಂಜೆಯೊಳಗೆ ಸೂತ್ರಕ್ಕೆ 'ಹೊರೆ' ಎಂಬ ಹೊಸ ಕಾಲಂ ಸೇರಿತು; ಅದೂ ಐದು ಎಂದಿತು. ಮರುದಿನ ಸೂತ್ರಧಾರ ಇವರನ್ನು ಕರೆದು, ಈಗ ಇಬ್ಬರೂ ಒಂದೇ ಉತ್ತರ ಕೊಡುತ್ತಿರುವಾಗ ಇಬ್ಬರು ಯಾಕೆ ಎಂದರು. ಗೆದ್ದು ಕೆಲಸ ಕಳೆದುಕೊಂಡದ್ದು ಹೀಗೆ.

ಈ ತಿಂಗಳ ಕೊನೆಯೇ ಕೊನೆ. ಅಷ್ಟರೊಳಗೆ ಎರಡು ಸಾವಿರದ ನೂರು ಪುಟಗಳ ಕಾರಣಗಳನ್ನೂ ಸೂತ್ರ ಓದುವಂತೆ ಕಾಲಂಗಳಿಗೆ ಇಳಿಸಿಕೊಡಬೇಕು. ತನ್ನ ಗುಂಡಿಯನ್ನು ತಾನೇ ತೋಡುವ ಕೆಲಸಕ್ಕೆ ಗಡುವು ಬೇರೆ. ಮನೆಯಲ್ಲಿ ಲಿಫ್ಟ್ ರಿಪೇರಿ ಮಾಡುವ ಗಂಡ, ಆ ಕಾಲಂಗಳ ಮಧ್ಯೆ ಮಧ್ಯೆ ಬುರುಡೆ ಬಿಟ್ಟು ಬಾ, ಐದಿರುವ ಕಡೆ ಎರಡು ಬರೆ, ಯಾರಿಗೆ ಗೊತ್ತಾಗುತ್ತೆ ಎಂದಿದ್ದಾರೆ. ಇವರು ಒಂದು ರಾತ್ರಿ ಅದನ್ನೇ ಯೋಚಿಸಿದ್ದೂ ಹೌದಂತೆ.

ಎದುರಿನ ಪರದೆಯಲ್ಲಿ ಇಂದಿನ ಕಾಲಂಗಳು ತುಂಬುತ್ತಿವೆ. ಪುಟದಲ್ಲಿ ಐದು, ಕಾಲಂನಲ್ಲೂ ಐದು. ಗಂಟುಬಿದ್ದ ಬೆರಳನ್ನು ಮಡಚಿ ಬಿಡಿಸಿ, ಮುಂದಿನ ಪುಟ ತಿರುವುತ್ತಾರೆ.

"ನಾನು ತಪ್ಪು ಬರೆದ್ರೆ ಸೂತ್ರಧಾರಂಗೆ ಏನೂ ಆಗಲ್ಲ. ಬುರುಡೆ ನಂಬಿ ಒಳಗೆ ಹೋಗೋನು ಯಾರೋ ಮೊದಲನೇ ಸಲ ಆಡೋನು. ಅವನೇನು ನನ್ನ ಕೆಲಸ ಕಿತ್ಕೊಂಡಿಲ್ವಲ್ಲ."