ಡಿಸ್ಕಸ್ ಮೀನು ಮತ್ತು ನನ್ನ ತವರಿನ ಹಂಡೆ

ಮೀನು ಸತ್ತದ್ದು ಪಟಾಕಿಯ ಸದ್ದಿಗೆ ಅಲ್ಲ, ನನ್ನ ಹುಣಿಸೆಹುಳಿಗೆ. ಪಟಾಕಿ ಎಂದು ಊರಿಗೆಲ್ಲ ಹೇಳಿದವರು ನನ್ನ ಗಂಡ. ಮೀನು ಮಾರುವವಳ ದೃಷ್ಟಿ ತಾಗಿತು ಎಂದವಳು ನಮ್ಮೊಟ್ಟಿಗೇ ಇದ್ದ ನನ್ನ ನಾದಿನಿ. ಎರಡೂ ಸುಳ್ಳು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ ಮಾತ್ರ. ಆದರೆ ಯಾವ ಪಾತ್ರೆಯಲ್ಲಿ ಏನು ಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ಶಾಲೆ ಬೇಡ. ನನಗೆ ಗೊತ್ತಿತ್ತು. ಆ ದಿನ ನೆನಪಾಗಲಿಲ್ಲ, ಅಷ್ಟೆ.

ಆಗ ನಾವು ಕಲ್ಯಾಣಪುರದಲ್ಲಿದ್ದೆವು. ಗಂಡ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡಿ ಹೊಸದಾಗಿ ನಿವೃತ್ತರಾಗಿದ್ದರು. ಅಷ್ಟು ವರ್ಷ ಅಕ್ಷರಗಳನ್ನು ತಿರುಗುಮುರುಗಾಗಿ ಓದಿದ್ದಕ್ಕೋ ಏನೋ, ಅವರು ಕೈ ಹಾಕಿದ್ದೆಲ್ಲ ತಿರುಗುಮುರುಗೇ ಆಗುತ್ತಿತ್ತು. ಜೇನು ಸಾಕಿದರು; ಮೂರನೇ ದಿನ ಹುಳಗಳು ಪೆಟ್ಟಿಗೆ ಬಿಟ್ಟು ಪಕ್ಕದ ಮನೆಯ ಮಾವಿನ ಮರಕ್ಕೆ ಹೋಗಿ ಸುಖವಾಗಿದ್ದವು. ಮೊಲ ತಂದರು, ಗಂಡು ಒಂದು ಹೆಣ್ಣು ಒಂದು ಎಂದು. ಆರು ತಿಂಗಳ ಮೇಲೆ ಎರಡೂ ಗಂಡು ಎಂದು ತಿಳಿಯಿತು. ಅಣಬೆ ಬೆಳೆಯಲು ಬೈಹುಲ್ಲು ನೆನೆಸಿಟ್ಟರು. ಅದರಲ್ಲಿ ಬೆಳೆದದ್ದು ಕಪ್ಪೆ. ನಾನು ನಗುತ್ತಿದ್ದೆ. ನಗಬಾರದಿತ್ತು ಎಂದು ಈಗಲೂ ಅನಿಸುವುದಿಲ್ಲ. ಕಪ್ಪೆಯನ್ನು ನೋಡಿದರೆ ಯಾರಾದರೂ ನಗುತ್ತಿದ್ದರು.

ಮೀನಿನ ಹುಚ್ಚು ಹಿಡಿಸಿದವರು ಕಾಪುವಿನ ಒಬ್ಬ ಬ್ಯಾರಿ ಅಂಗಡಿಯವರು. ಗಲ್ಫಿನಲ್ಲಿ ಕೆಲವು ವರ್ಷ ಇದ್ದು ಬಂದು ಫ್ಯಾನ್ಸಿ ಅಂಗಡಿ ಇಟ್ಟಿದ್ದರು. ಮಗಳ ಮದುವೆಯ ಕಾಗದ ಅಚ್ಚು ಹಾಕಿಸಲು ಪ್ರೆಸ್ಸಿಗೆ ಬಂದಾಗ ಇವರಿಗೆ ಸ್ನೇಹವಾಯಿತು. ಅವರ ಅಂಗಡಿಯೊಳಗೆ ಗಾಜಿನ ತೊಟ್ಟಿಗಳಿದ್ದವು. ಅವುಗಳಲ್ಲಿ ಒಂದರಲ್ಲಿ ಒಂದು ಜೋಡಿ ಡಿಸ್ಕಸ್ ಮೀನು, ಬೊಂಬಾಯಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿಸಿಕೊಂಡು ಬಸ್ಸಿನಲ್ಲಿ ಬಂದಂಥವು. ಕಾಪುವಿನಲ್ಲಿ ಅವು ಮೊಟ್ಟೆ ಇಡುತ್ತಿದ್ದವು, ಆದರೆ ಮೊಟ್ಟೆಯೆಲ್ಲ ಬೆಳ್ಳಗಾಗಿ ಕೊಳೆಯುತ್ತಿತ್ತು.

"ನಮ್ಮದು ಕಡಲಿನ ಹತ್ತಿರದ ಬಾವಿ ಅಣ್ಣ, ನೀರು ಗಡುಸು," ಎಂದರಂತೆ. "ನಿಮ್ಮದು ಕೆಂಪು ಮುರಕಲ್ಲಿನ ಬಾವಿ. ಮೆತ್ತಗಿನ ನೀರು. ಈ ಮೀನಿಗೆ ಅದೇ ಬೇಕು. ಕೊಂಡುಹೋಗಿ. ಮರಿಯಾದರೆ ಅರ್ಧ ನನಗೆ ಕೊಡಿ."

ಹಾಗೆ ಪಕ್ಕದ ಮನೆಗೆ ಟಿ.ವಿ. ಬಂದ ವರ್ಷ ನಮ್ಮ ಮನೆಗೆ ಮೀನು ಬಂತು. ಅವರದೂ ಗಾಜಿನ ಪೆಟ್ಟಿಗೆ, ನಮ್ಮದೂ ಗಾಜಿನ ಪೆಟ್ಟಿಗೆ. ಅವರದರಲ್ಲಿ ಭಾನುವಾರ ಸಿನಿಮಾ ಬರುತ್ತಿತ್ತು. ನಮ್ಮದರಲ್ಲಿ ವಾರವಿಡೀ ಎರಡು ಮೀನು ಮುಖ ಊದಿಸಿಕೊಂಡು ನಿಂತಿರುತ್ತಿದ್ದವು.

ಡಿಸ್ಕಸ್ ಎಂದರೆ ದೊಡ್ಡ ಹೆಸರು. ನೋಡಲು ಥೇಟ್ ಮಾಂಜಿ ಮೀನು, ಅಂದರೆ ಪೇಟೆಯವರ ಪಾಂಫ್ರೆಟ್. ಅದೇ ಗುಂಡು, ಅದೇ ಚಪ್ಪಟೆ. ಮೈಮೇಲೆ ಕಂದು, ನೀಲಿ ಗೆರೆಗಳು, ಕೆಂಪು ಕಣ್ಣು. ಬುಟ್ಟಿ ಹೊತ್ತು ಬರುವ ಮೀನಿನವಳು ಮೊದಲ ದಿನ ಜಗಲಿಯಲ್ಲಿ ಬುಟ್ಟಿ ಇಳಿಸಿ ಬಹಳ ಹೊತ್ತು ನೋಡಿದಳು.

"ಇದು ಎಂತಕ್ಕೆ ಅಕ್ಕ, ಬದುಕಿದ ಮಾಂಜಿ?"

"ಸಾಕಲಿಕ್ಕೆ."

"ಎಷ್ಟು ದಿನ ಸಾಕಿ ತಿನ್ನುದು?"

"ತಿನ್ನುದಿಲ್ಲ ಮಾರಾಯ್ತಿ. ನೋಡುದು."

"ನೋಡಿದರೆ ಹೊಟ್ಟೆ ತುಂಬ್ತದಾ? ಹಾಗಾದ್ರೆ ನಾಳೆಯಿಂದ ನಾನು ಬರುದು ಬೇಡ ಅಲ್ವಾ?"

ಬರುವುದು ಬೇಡವಾಗಲಿಲ್ಲ. ಮೊದಲಿಗಿಂತ ಹೆಚ್ಚು ಬರಬೇಕಾಯಿತು. ಈ ಮೀನಿಗೆ ಸಣ್ಣ ಎಟ್ಟಿ ಬೇಕು, ಅಂದರೆ ಸಿಗಡಿ. ಸಿಪ್ಪೆ ಸುಲಿದು, ಕರುಳು ತೆಗೆದು, ಚೂರು ಬೆಳ್ಳುಳ್ಳಿ ಹಾಕಿ ನುಣ್ಣಗೆ ಅರೆಯಬೇಕು. ಅರೆಯುವವಳು ನಾನು. ಬೆಳಿಗ್ಗೆ ಮೊದಲು ಮೀನಿಗೆ ಎಟ್ಟಿ, ಆಮೇಲೆ ಕಲ್ಲು ತೊಳೆದು ಗಂಡನಿಗೆ ಚಟ್ನಿ. ಒಂದು ದಿನ ಅವರು ದೋಸೆ ತಿನ್ನುತ್ತಾ, ಚಟ್ನಿ ಯಾಕೋ ಇವತ್ತು ರುಚಿಯಾಗಿದೆ ಎಂದರು. ಕಲ್ಲು ಸರಿಯಾಗಿ ತೊಳೆದಿರಲಿಲ್ಲ ಎಂದು ನಾನು ಹೇಳಲಿಲ್ಲ.

ಮೀನಿಗೆ ಸೆಕೆ ಬೇಕು. ನೀರು ಉಗುರುಬೆಚ್ಚಗಿರಬೇಕು, ಸ್ವಲ್ಪ ತಣ್ಣಗಾದರೆ ಕಪ್ಪಾಗಿ ಮೂಲೆ ಸೇರುತ್ತದೆ. ಕಾಪುವಿನವರು ಕೊಟ್ಟ ಕರೆಂಟಿನ ಕೊಳವೆ ನಮ್ಮ ವೋಲ್ಟೇಜಿಗೆ ಬೆಚ್ಚಗಾಗುತ್ತಲೇ ಇರಲಿಲ್ಲ. ಗಂಡ ತಮ್ಮ ಕಂಬಳಿಯನ್ನು ತೊಟ್ಟಿಗೆ ಸುತ್ತಿ, ಮಳೆಗಾಲವಿಡೀ ತಾವು ನನ್ನ ಹಳೆ ಸೀರೆ ಹೊದ್ದು ಮಲಗಿದರು. ದಿನಾ ಸಂಜೆ ಎರಡು ಕೊಡ ಹಳೆ ನೀರು ತೆಗೆದು ಎರಡು ಕೊಡ ಹೊಸ ನೀರು ಹಾಕುವುದು ಅವರ ವ್ರತ. ಬಾವಿಯ ನೀರಿಗೆ ಬಚ್ಚಲಿನ ಹಂಡೆಯ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ ಹೊಯ್ಯುತ್ತಿದ್ದರು. ಬಿಸಿ ಅಳೆಯುವ ಗಾಜಿನ ಕಡ್ಡಿ ಬಂದ ವಾರವೇ ಅವರ ಕೈಯಲ್ಲಿ ಒಡೆದಿತ್ತು.

ಆ ಹಂಡೆ ನನ್ನದು. ಅಜೆಕಾರಿನ ತವರಿನಿಂದ ಮದುವೆಯಲ್ಲಿ ಬಂದದ್ದು. ಗಟ್ಟಿ ತಾಮ್ರ, ಇಬ್ಬರು ಸೇರಿ ಎತ್ತಬೇಕು. ಹೊರಗೆ ಮಸಿ, ಒಳಗೆ ವರ್ಷಗಟ್ಟಲೆ ನೀರು ಕಾದು ಕಾದು ಕಂದು ಪದರ ಕಟ್ಟಿತ್ತು. ಪ್ರತಿ ದೀಪಾವಳಿಗೆ ನೀರು ತುಂಬಿಸುವ ದಿನ ಹೊರಗನ್ನು ಬೆಳಗುತ್ತಿದ್ದೆ. ಒಳಗನ್ನು ಮುಟ್ಟುತ್ತಿರಲಿಲ್ಲ. ಅದನ್ನು ಯಾರು ಬಗ್ಗಿ ನೋಡುತ್ತಾರೆ?

ಮೀನು ಮೊಟ್ಟೆ ಇಡಲು ನೆಟ್ಟಗೆ ನಿಂತ ಏನಾದರೂ ಬೇಕು ಎಂದು ಗಂಡ ಮಾಡಿನ ಹಂಚೊಂದನ್ನು ತೊಟ್ಟಿಯೊಳಗೆ ಒರಗಿಸಿ ಇಟ್ಟರು. ಅದು ಮೀನಿಗೆ ಹಿಡಿಸಿತು. ಎರಡೂ ಸೇರಿ ಹಂಚನ್ನು ಬಾಯಿಯಿಂದ ಉಜ್ಜಿ ಉಜ್ಜಿ ಶುಚಿ ಮಾಡಿದವು, ಸಾಲಾಗಿ ಮೊಟ್ಟೆ ಇಟ್ಟವು, ಮಾರನೆಯ ದಿನ ಅಷ್ಟನ್ನೂ ತಿಂದವು. ಎರಡನೇ ಸಲವೂ ತಿಂದವು. ಮೂರನೇ ಸಲ ಗಂಡ ಸ್ಟೂಲು ಹಾಕಿ ತೊಟ್ಟಿಯ ಎದುರೇ ಕುಳಿತು ಕಾದರು. ಅವರು ಉಣ್ಣಲು ಎದ್ದ ಹೊತ್ತಿಗೆ ತಿಂದು ಮುಗಿಸಿದ್ದವು.

"ನಿಮ್ಮ ಮುಖ ಕಂಡು ಹೆದರಿ ತಿನ್ನುದು ಅವು," ಎಂದೆ. "ಬಾಣಂತಿಯ ಕೋಣೆಯಲ್ಲಿ ಗಂಡಸು ಸ್ಟೂಲು ಹಾಕಿ ಕೂತರೆ ನಾನಾದರೂ ಎಂತ ಮಾಡುತ್ತಿದ್ದೆನೋ."

ನಾಲ್ಕನೇ ಸಲ ನಾನು ನನ್ನ ಹಳೆ ಸೀರೆಯನ್ನೇ ತೊಟ್ಟಿಯ ಮುಂದೆ ಪರದೆ ಕಟ್ಟಿದೆ. ಈ ಸಲ ಮೊಟ್ಟೆ ಉಳಿಯಿತು. ಐದಾರು ದಿನದಲ್ಲಿ ಮರಿಗಳು ಎದ್ದವು. ಕೊತ್ತಂಬರಿ ಪುಡಿ ಉದುರಿದ ಹಾಗೆ, ತಾಯಿಯ ಮೈಗೆ ಅಂಟಿಕೊಂಡವು. ಈ ಮೀನಿನ ವಿಚಿತ್ರ ಅದೇ. ಹೆತ್ತವರ ಮೈಮೇಲೆ ಒಂದು ಲೋಳೆ ಬರುತ್ತದೆ. ಮರಿಗಳು ಅದನ್ನು ಮೇಯ್ದು ಬೆಳೆಯುತ್ತವೆ. ತಾಯಿಗೆ ಸಾಕಾದಾಗ ಒಮ್ಮೆ ಮೈ ಕೊಡವುತ್ತದೆ. ಮರಿಗಳೆಲ್ಲ ಹಾರಿ ತಂದೆಯ ಮೈಗೆ ಹೋಗುತ್ತವೆ. ಅದಕ್ಕೆ ಸಾಕಾದರೆ ಅದು ಕೊಡವುತ್ತದೆ.

ನಾನು ಗಂಡನನ್ನು ಕರೆದು ತೋರಿಸಿದೆ. "ನೋಡಿದಿರಾ? ಐದು ಮಕ್ಕಳನ್ನು ಹೆತ್ತೆ ನಾನು. ಒಂದು ದಿನ ಈ ಕೊಡವುವ ಉಪಾಯ ನನಗೆ ಹೊಳೆಯಲಿಲ್ಲ."

"ಹೊಳೆದರೂ ನಾನು ಪ್ರೆಸ್ಸಿನಲ್ಲಿ ಇರ್ತಿದ್ದೆ," ಎಂದರು.

ಮರಿಗಳು ಎಳ್ಳಿನಷ್ಟಾದವು, ಹೆಸರುಕಾಳಿನಷ್ಟಾದವು. ಗಂಡ ಎಣಿಸಲು ಹೋಗಿ ಪ್ರತಿಸಲ ಬೇರೆ ಲೆಕ್ಕ ಹೇಳುತ್ತಿದ್ದರು. ನೂರರ ಹತ್ತಿರ ಇದ್ದವು ಎನ್ನಿ. ದೀಪಾವಳಿ ಬಂತು. ಅವರು ಕಾಪುವಿಗೆ ಕಾರ್ಡು ಬರೆದರು: ಎಣ್ಣೆಸ್ನಾನದ ದಿನ ಬೆಳಿಗ್ಗೆ ಬನ್ನಿ, ಮರಿ ನೋಡಿ, ನಿಮ್ಮ ಪಾಲು ಕೊಂಡುಹೋಗುವ ದಿನ ಗೊತ್ತುಮಾಡುವ. ಕಾರ್ಡನ್ನು ಡಬ್ಬಿಗೆ ಹಾಕುವ ಮೊದಲು ನನಗೆ ಓದಿ ಹೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

"ಒಂದೇ ಒಂದು ಸಲ," ಎಂದರು, "ನನ್ನ ಕೈಯಲ್ಲಿ ಒಂದು ಆದದ್ದನ್ನು ಹೊರಗಿನವರು ಒಬ್ಬರು ನೋಡಲಿ. ಆಮೇಲೆ ನೀನು ಎಷ್ಟು ಬೇಕಾದರೂ ನಗು."

ಅದರ ಮೇಲೆ ನನಗೂ ಸ್ವಲ್ಪ ಸಡಗರ ಬಂತು. ಅದೇ ತಪ್ಪಾದದ್ದು. ನೀರು ತುಂಬಿಸುವ ದಿನ ಮಧ್ಯಾಹ್ನ ಹಂಡೆಯನ್ನು ಇಳಿಸಿ, ಹುಳಿ, ಬೂದಿ, ತೆಂಗಿನ ನಾರು ಹಿಡಿದು ಕುಳಿತೆ. ಹೊರಗು ಮುಗಿಯಿತು. ನಾಳೆ ಹೊರಗಿನವರು ಬರುತ್ತಾರೆ, ಮನೆ ತುಂಬ ಓಡಾಡುತ್ತಾರೆ ಎಂದುಕೊಂಡು ಒಳಗನ್ನೂ ಉಜ್ಜಿದೆ. ನನ್ನ ಮದುವೆಯ ದಿನದಂತೆ ಕೆಂಪಗೆ ಹೊಳೆಯಿತು. ಸೊಂಟ ನೋಯುತ್ತಿತ್ತು. ಒಂದೇ ಕೊಡ ನೀರಿನಲ್ಲಿ ತೊಳೆದು, ಒಲೆಗೆ ಏರಿಸಿ, ಹಬ್ಬದ ಕ್ರಮದಂತೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ನೀರು ತುಂಬಿಸಿ, ಮೀನಿಗೆ ಬೇಕಲ್ಲ ಎಂದು ಎರಡು ತೆಂಗಿನ ಸಿಪ್ಪೆ ಇಟ್ಟು ಉರಿ ಹಾಕಿದೆ.

ಸಂಜೆ ಗಂಡ ಎಂದಿನಂತೆ ಬೆರೆಸಿದರು, ಮೊಣಕೈ ಅದ್ದಿದರು, ಹೊಯ್ದರು. ಹಬ್ಬಕ್ಕೆ ಮೀನಿಗೂ ಇರಲಿ ಎಂದು ಎರಡು ಕೊಡ ಹೆಚ್ಚೇ ಹೊಯ್ದರು.

ದೀಪ ಹಚ್ಚುವ ಹೊತ್ತಿಗೆ ತಾಯಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಗಂಡು ಮೂಲೆಯಲ್ಲಿ ಕಪ್ಪಾಗಿ ವಾಲಿತ್ತು. ಮರಿಗಳು ಇಬ್ಬರ ಮೈಯನ್ನೂ ಬಿಟ್ಟು ದಿಕ್ಕೆಟ್ಟು ಚೆದರಿ, ಒಂದೊಂದಾಗಿ ತಳಕ್ಕೆ ಇಳಿಯುತ್ತಿದ್ದವು.

"ಬಿಸಿ ಹೆಚ್ಚಾಯಿತು," ಎಂದು ಗಂಡ ಮೊಣಕೈ ತಿಕ್ಕಿಕೊಂಡರು. "ನನಗೆ ಅಂದಾಜು ತಪ್ಪಿತು."

ನಾನು ಬೆರಳು ಅದ್ದಿದೆ. ಬಿಸಿ ಇರಲಿಲ್ಲ. ಬೆರಳನ್ನು ನಾಲಗೆಗೆ ಹಚ್ಚಿದೆ. ಕಲಾಯಿ ಹೋದ ಪಾತ್ರೆಯಲ್ಲಿ ಸಾರು ಇಟ್ಟರೆ ಒಂದು ರುಚಿ ಬರುತ್ತದಲ್ಲ, ಗಂಟಲು ಹಿಡಿಯುವ ಒಗರು, ತೆಳ್ಳಗೆ ಅದೇ. ಒಳಗಿನ ಪದರ ಹೋಗಿ ಹುಳಿ ತಾಗಿದ ತಾಮ್ರದ ರುಚಿ. ಅದರಲ್ಲಿ ಉಂಡರೆ ಮನುಷ್ಯರೇ ವಾಂತಿ ಮಾಡುತ್ತಾರೆ. ಅದಕ್ಕೇ ಅಲ್ಲವೇ ಕಲಾಯಿ ಹಾಕಿಸುವುದು.

"ಎಲ್ಲ ನೀರು ತೆಗೆಯಿರಿ," ಎಂದೆ.

"ಪೂರ್ತಿ ತೆಗೆಯಬಾರದು ಅಂತ ಕಾಪುವಿನವರು ಹೇಳಿದ್ದಾರೆ."

"ಕಾಪುವಿನವರು ನಾಳೆ ಬರ್ತಾರೆ. ನೀವು ಈಗ ತೆಗೆಯಿರಿ."

ಕಾರ್ಕಳದ ಸಂತೆಯಿಂದ ತಂದ ದೊಡ್ಡ ಮಣ್ಣಿನ ಪಾತ್ರೆ ಅನ್ನ ಬೇಯಿಸಲು ಇತ್ತು. ಬಾವಿಯಿಂದ ಹೊಸ ನೀರು ಸೇದಿ ಅದರಲ್ಲಿ ಬಿಸಿ ಮಾಡಿ, ಇನ್ನೊಂದು ಅಗಲದ ಮಣ್ಣಿನ ಬಾನಿಗೆ ಬೆರೆಸಿ ಹೊಯ್ದೆ. ಸೀರೆಯ ಸೆರಗಿನಲ್ಲಿ ಮೊದಲು ದೊಡ್ಡ ಮೀನು ಎರಡನ್ನೂ, ಆಮೇಲೆ ಮರಿಗಳನ್ನೂ ಸೋಸಿ ಸೋಸಿ ಬಾನಿಗೆ ಬಿಟ್ಟೆ. ಗಂಡು ಮೀನು ಸ್ವಲ್ಪ ಹೊತ್ತಿನಲ್ಲಿ ನೆಟ್ಟಗಾಯಿತು. ತಾಯಿ ಆಗಲಿಲ್ಲ. ಉಳಿದ ಮರಿ ಇಪ್ಪತ್ತಮೂರು. ನಾನೇ ಎಣಿಸಿದ್ದು.

ಸತ್ತ ಮೀನನ್ನು ಅಂಗೈಯಲ್ಲಿ ಇಟ್ಟುಕೊಂಡು ಗಂಡ ಜಗಲಿಯಲ್ಲಿ ಕುಳಿತರು. "ಜೇನೂ ಹಾಗೆ ಆಯಿತು, ಇದೂ ಹಾಗೆ. ನನ್ನ ಕೈಗೆ ಯಾವುದೂ ಬರುದಿಲ್ಲ ಬಿಡು," ಎಂದರು. ಆಗ ಹೇಳಬೇಕಿತ್ತು. ಅಷ್ಟು ವರ್ಷ ಅವರ ಕೈಯನ್ನು ನೋಡಿ ನಕ್ಕವಳಿಗೆ ತನ್ನ ಕೈಯನ್ನು ತೋರಿಸುವುದು ಸುಲಭ ಅಲ್ಲ. ಅವರು ಮೀನನ್ನು ತೆಂಗಿನ ಬುಡದಲ್ಲಿ ಹೂತರು. ನಾನು ಕಡುಬಿಗೆ ಅಕ್ಕಿ ನೆನೆಹಾಕಿ ಮಲಗಿದೆ.

ಮಾರನೆಯ ಬೆಳಿಗ್ಗೆ ಎಲ್ಲರ ಎಣ್ಣೆಸ್ನಾನ ಮುಗಿಯಿತು. ಹಂಡೆಯ ನೀರು ಖಾಲಿಯಾಯಿತು. ಕಾಪುವಿನವರು ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ತೇಗದೆಲೆಯ ಒಂದು ಪೊಟ್ಟಣ.

"ಬೈಬೇಡಿ ಅಕ್ಕ, ಹಬ್ಬದ ಮನೆಗೆ ಎಟ್ಟಿ ತಂದಿದ್ದೇನೆ. ನಿಮಗಲ್ಲ, ಅವಕ್ಕೆ."

ಗಂಡ ಬಾನಿಯನ್ನು ತೋರಿಸಿದರು. ಅವರು ಬಗ್ಗಿ ನೋಡಿ, "ತಾಯಿ ಎಲ್ಲಿ ಅಣ್ಣ?" ಎಂದರು.

"ನಿನ್ನೆ ನನ್ನ ಕೈ ತಪ್ಪಿತು. ಬಿಸಿನೀರು..." ಎಂದು ಗಂಡ ಶುರು ಮಾಡಿದರು.

"ಇವರ ಕೈ ಅಲ್ಲ," ಎಂದೆ ನಾನು. "ಈಚೆ ಬನ್ನಿ, ಇಬ್ಬರೂ."

ಬಚ್ಚಲಿಗೆ ಕರೆದುಕೊಂಡು ಹೋಗಿ ಹಂಡೆಯೊಳಗೆ ಬಗ್ಗಿ ನೋಡಲು ಹೇಳಿದೆ. ಕಾಪುವಿನವರು ನೋಡಿದರು, ಬೆರಳಿನಿಂದ ಸವರಿದರು, ಬೆರಳನ್ನು ಮೂಸಿದರು.

"ಹುಳಿ ಹಾಕಿ ತಿಕ್ಕಿದ್ದಾ?"

"ಹೌದು. ಒಳಗನ್ನೂ. ನೀವು ಬರುತ್ತೀರಿ ಅಂತ."

"ನಾನು ನಿಮ್ಮ ಬಚ್ಚಲಿನ ಹಂಡೆ ನೋಡ್ಲಿಕ್ಕೆ ಬರುದಾ ಅಕ್ಕ, ಕಾಪುವಿನಿಂದ?"

"ನೋಡಿದಿರಲ್ಲ ಈಗ," ಎಂದೆ.

ಅವರು ನಕ್ಕರು. ಗಂಡ ಹಂಡೆಯೊಳಗೆ ತಲೆ ಹಾಕಿದವರು ಬೇಗ ತೆಗೆಯಲಿಲ್ಲ. ಒಳಗಿನಿಂದಲೇ, "ಇಪ್ಪತ್ತಮೂರು ಉಳಿದಿವೆ," ಎಂದರು. ಆ ಸದ್ದು ಹಂಡೆಯಲ್ಲಿ ದೊಡ್ಡದಾಗಿ ಕೇಳಿತು. ಆಮೇಲೆ ತಲೆ ಎತ್ತಿ, "ಪಕ್ಕದ ಮನೆಯವರು ನಿನ್ನೆ ಸಂಜೆ ಪಟಾಕಿ ಬಿಟ್ಟದ್ದು ಸ್ವಲ್ಪ ಜಾಸ್ತಿಯಾಯಿತು," ಎಂದರು, ನನ್ನ ಕಡೆ ನೋಡದೆ.

"ಹಬ್ಬದ ದಿನ ಎಟ್ಟಿ ಮುಟ್ಟುವುದು ಬೇಡ ಅತ್ತಿಗೆ," ಎಂದು ನಾದಿನಿ ಅಡಿಗೆಮನೆಯಿಂದ ಹೇಳಿದಳು. ಗಂಡು ಮೀನು ಒಂದೇ ಈಗ ಇಪ್ಪತ್ತಮೂರಕ್ಕೂ ಮೈ ಕೊಡಬೇಕು. ಅದಕ್ಕೆ ಮೊದಲು ಅದರ ಹೊಟ್ಟೆ ತುಂಬಬೇಕು. ನಾನು ಮಣ್ಣಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಗಂಡನನ್ನು ಬಾವಿಗೆ ಕಳುಹಿಸಿ, ಕಡುಬಿನ ಹಿಟ್ಟನ್ನು ಪಕ್ಕಕ್ಕೆ ಸರಿಸಿ ಪೊಟ್ಟಣ ಬಿಚ್ಚಿ ಎಟ್ಟಿ ಸುಲಿಯಲು ಕುಳಿತೆ.